ಬಾಗಿಲಲ್ಲಿ ಕೊಟ್ಟ ಮಾತು



2025ರ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯ ಗೇಟಿನ ಬಳಿ ಒಬ್ಬ ಯುವತಿ ಬಂದು ನಿಂತಳು. ಹೆಗಲಿನಲ್ಲಿ ಚೀಲ, ಕೊರಳಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ವಿದ್ಯುತ್ ಮೀಟರ್ ಓದುವವರು ಕೆಲವು ವಾರಗಳ ಹಿಂದೆ ನಮ್ಮ ಬಾಗಿಲ ಪಕ್ಕದಲ್ಲಿ ಅಂಟಿಸಿ ಹೋಗಿದ್ದ ಚೀಟಿಯ ಸಂಖ್ಯೆಯನ್ನು ನೋಡಿಕೊಂಡು, ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಬಂದಿರುವುದಾಗಿ ಹೇಳಿದಳು. ಮಾತಿಗೆ ಮಾತು ಬೆಳೆದಾಗ ಅವಳೂ ಶಿಕ್ಷಕಿಯೆಂದು ತಿಳಿಯಿತು. "ನಮ್ಮ ಅಪ್ಪ ನಿಮ್ಮ ಹತ್ತಿರವೇ ಓದಿದ್ದು ಸಾರ್" ಎಂದಾಗ ನನಗಾದ ಸಂತೋಷವನ್ನು ನೀವು ಊಹಿಸಬಲ್ಲಿರಿ.

ಪ್ರಶ್ನೆಗಳು ಒಟ್ಟು 60. ಜಾತಿ, ಉಪಜಾತಿ, ಓದು, ಉದ್ಯೋಗ, ಆದಾಯ, ಸಾಲ, ಜಮೀನು, ಮನೆಯ ಸ್ವರೂಪ, ಹೀಗೆ ಪಟ್ಟಿ ಬೆಳೆಯುತ್ತಲೇ ಇತ್ತು. ನಡುವೆ ಎಲ್ಲಿಯೋ ನಾನು ಕ್ಷಣಕಾಲ ತಡೆದುದನ್ನು ಗಮನಿಸಿ ಅವಳೇ ಹೇಳಿದಳು: "ಇಷ್ಟವಿಲ್ಲದಿದ್ದರೆ ಹೇಳಬೇಡಿ ಸಾರ್. ಬಲವಂತ ಮಾಡಬಾರದೆಂದು ಕೋರ್ಟೇ ಹೇಳಿದೆ." ಅವಳ ಮಾತು ನಿಜ. 2025ರ ಸೆಪ್ಟೆಂಬರ್ 25ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಈ ಸಮೀಕ್ಷೆಯನ್ನು ನಿಲ್ಲಿಸಲು ಒಪ್ಪದೆ, ಆದರೆ ಪಾಲ್ಗೊಳ್ಳುವುದು ಜನರ ಇಚ್ಛೆಗೆ ಬಿಟ್ಟದ್ದೆಂದೂ, ಸಂಗ್ರಹವಾದ ಮಾಹಿತಿಯನ್ನು ಆಯೋಗದ ಹೊರಗೆ ಯಾರಿಗೂ ಬಹಿರಂಗಪಡಿಸಬಾರದೆಂದೂ ಮಧ್ಯಂತರ ಆದೇಶ ನೀಡಿತ್ತು.

ಅಷ್ಟರಲ್ಲಿ ಕಾಫಿ ತಂದ ನನ್ನ ಶ್ರೀಮತಿ ಸಹಜವಾಗಿ ಕೇಳಿದಳು: "ಇದನ್ನೆಲ್ಲ ಯಾರು ನೋಡ್ತಾರಮ್ಮ?"

"ಯಾರೂ ನೋಡೋದಿಲ್ಲಮ್ಮ, ಲೆಕ್ಕಕ್ಕೆ ಮಾತ್ರ" ಎಂದಳು ಹುಡುಗಿ.

ನಾನು ಲೋಟವನ್ನು ಕೆಳಗಿಟ್ಟೆ. ಇದೇ ಪ್ರಶ್ನೆಯನ್ನು ನಲವತ್ತನಾಲ್ಕು ವರ್ಷಗಳ ಹಿಂದೆ ಒಬ್ಬ ತಾಯಿ ನನಗೆ ಕೇಳಿದ್ದರು. ಇದೇ ಉತ್ತರವನ್ನು, ಹೆಚ್ಚುಕಡಿಮೆ ಇದೇ ಪದಗಳಲ್ಲಿ, ನಾನು ಅವರಿಗೆ ಕೊಟ್ಟಿದ್ದೆ. ಈ ಲೇಖನವು ಆ ಪ್ರಶ್ನೆಯ ಚರಿತ್ರೆ. ಸಮಾಜಪಾಠದ ಮೇಷ್ಟ್ರಾದವನಿಗೆ ಯಾವ ನೋವನ್ನಾದರೂ ಚರಿತ್ರೆಯ ಮೂಲಕವಲ್ಲದೆ ಹೇಳಿಕೊಳ್ಳಲು ಬಾರದು. ಆದುದರಿಂದ ಸ್ವಲ್ಪ ಸುತ್ತುದಾರಿಯಲ್ಲಿ ಕರೆದೊಯ್ಯುತ್ತೇನೆ, ಸಹಿಸಿಕೊಳ್ಳಿ.

1981ರ ಜನಗಣತಿಯ ವೇಳೆಗೆ ನಾನು ಸೇವೆಗೆ ಸೇರಿ ನಾಲ್ಕು ವರ್ಷಗಳಾಗಿದ್ದವು. ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ಹಳ್ಳಿಗಳ ಗಣತಿಗೆ ತಹಸೀಲ್ದಾರರು ಹೊಣೆಗಾರರಾದರೆ, ಪಟ್ಟಣದಲ್ಲಿ ಆ ಹೊಣೆ ಪುರಸಭೆಯ ಮುಖ್ಯಾಧಿಕಾರಿಗಳದ್ದು. ಹೀಗಾಗಿ ನಮಗೆ ತರಬೇತಿ ನಡೆದದ್ದು ಪುರಸಭೆಯ ಸಭಾಂಗಣದಲ್ಲಿ, ಸದಸ್ಯರು ಕೂರುವ ಕುರ್ಚಿಗಳಲ್ಲಿ. ತುಂಬಿದ ನಮೂನೆಗಳನ್ನು ನಾವು ಒಪ್ಪಿಸಬೇಕಾದದ್ದೂ ಅಲ್ಲಿಯೇ. ಕೇಂದ್ರ ಸರ್ಕಾರದ ಕಾನೂನಿನಂತೆ ಕೇಳುವ ಪ್ರಶ್ನೆಗಳು, ರಾಜ್ಯ ಸರ್ಕಾರದ ಸಂಬಳ ತಿನ್ನುವ ಮೇಷ್ಟ್ರು, ಊರ ಪುರಸಭೆಯ ಬೀರು: ನಮ್ಮ ದೇಶದ ಜನಗಣತಿಯು ಈ ಮೂರರ ಮೇಲೆ ನಿಂತಿದೆ.

1980ರಲ್ಲಿ ಮನೆಗಳ ಪಟ್ಟಿ ತಯಾರಾಗಿತ್ತು. 1981ರ ಫೆಬ್ರವರಿ 9ರಿಂದ 28ರವರೆಗೆ ಜನರ ಎಣಿಕೆ. ಮಾರ್ಚ್ 1ರ ಸೂರ್ಯೋದಯದ ಹೊತ್ತಿಗೆ ದೇಶದಲ್ಲಿ ಎಷ್ಟು ಜನರಿದ್ದರೋ ಅಷ್ಟೇ ಲೆಕ್ಕ. ಫೆಬ್ರವರಿ 28ರ ರಾತ್ರಿ ಬಸ್ ನಿಲ್ದಾಣದಲ್ಲಿ, ದೇವಸ್ಥಾನದ ಜಗುಲಿಯಲ್ಲಿ, ಸಂತೆಮಾಳದಲ್ಲಿ ಮಲಗಿದ್ದ ಮನೆಯಿಲ್ಲದವರನ್ನು ಲಾಟೀನು ಹಿಡಿದು ಎಣಿಸಿದೆವು. ಬಳಿಕ ಮಾರ್ಚ್ 5ರವರೆಗೆ ಮತ್ತೊಮ್ಮೆ ಮನೆಮನೆ ಸುತ್ತಿ, ಈ ನಡುವೆ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರನ್ನು ತೆಗೆದುಹಾಕಬೇಕು. ಆ ವರ್ಷ ಕರ್ನಾಟಕದ ಜನಸಂಖ್ಯೆ 3.71 ಕೋಟಿ ಎಂದು ಪ್ರಕಟವಾಯಿತು. ಆ ಅಂಕಿಯಲ್ಲಿ ನನ್ನ ಪಾಲಿನ 120ರಷ್ಟು ಮನೆಗಳೂ ಇವೆ.

ಆ ಮನೆಗಳಲ್ಲಿ ಎಷ್ಟೋ ವಿನೋದಗಳೂ ನಡೆದವು. ಒಂದು ಮನೆಯ ಹಿರಿಯ ಅಜ್ಜಿ ಗಂಡನ ಹೆಸರು ಕೇಳಿದೊಡನೆ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕ್ಯಾಲೆಂಡರಿನತ್ತ ಕೈ ತೋರಿಸಿದರು. ಅಲ್ಲಿ ತಿರುಪತಿಯ ಸ್ವಾಮಿ ನಿಂತಿದ್ದ. "ವೆಂಕಟರಮಣನೇ ಅಜ್ಜಿ?" ಎಂದೆ. ಅಲ್ಲವೆಂದು ತಲೆಯಾಡಿಸಿದರು. "ಶ್ರೀನಿವಾಸ?" ಅಲ್ಲ. "ತಿಮ್ಮಪ್ಪ?" ಎಂದಾಗ ಮುಖ ಅರಳಿತು. ನಾನು ಆಗ ಇದನ್ನು ಬರಿಯ ತಮಾಷೆಯೆಂದು ತಿಳಿದಿದ್ದೆ. ಬಹುಕಾಲದ ಮೇಲೆ 1948ರ ಜನಗಣತಿ ಅಧಿನಿಯಮವನ್ನು ಓದಿದಾಗ ಬೆರಗಾಯಿತು. ಗಣತಿದಾರನ ಪ್ರಶ್ನೆಗೆ ತನಗೆ ತಿಳಿದಂತೆ ಉತ್ತರಿಸಲು ಪ್ರತಿಯೊಬ್ಬರೂ ಬದ್ಧರು ಎನ್ನುವ ಅದೇ 8ನೆಯ ಕಲಮು, ಮನೆಯ ಹೆಂಗಸರ ಹೆಸರನ್ನು ಹೇಳಲೇಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ, ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಬಾಯಲ್ಲಿ ಆಡಬಾರದ ಇನ್ನಾರ ಹೆಸರನ್ನಾಗಲಿ ಹೇಳಲು ಹೆಂಗಸಿಗೆ ಬಾಧ್ಯತೆಯಿಲ್ಲ ಎಂದೂ ಹೇಳುತ್ತದೆ! ಖಾಸಗಿತನ ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ, ಮನುಷ್ಯನಿಗೆ ಹೇಳಲಾಗದ ಸಂಗತಿಗಳೂ ಇರುತ್ತವೆ ಎಂಬುದನ್ನು ಕಾನೂನು ಒಪ್ಪಿಕೊಂಡಿತ್ತು.

ಅದೇ ಅಧಿನಿಯಮದ 15ನೆಯ ಕಲಮು ಇನ್ನೂ ಮುಖ್ಯವಾದುದು. ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಆಸ್ತಿ ವ್ಯಾಜ್ಯದಂಥ ಸಿವಿಲ್ ಮೊಕದ್ದಮೆಗಳಲ್ಲಿ ಅವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಂತಿಲ್ಲ. ಗಣತಿಯಲ್ಲಿ ತಿಳಿದುದನ್ನು ಬಾಯಿಬಿಡುವ ಗಣತಿದಾರನಿಗೂ 11ನೆಯ ಕಲಮಿನಲ್ಲಿ ಶಿಕ್ಷೆಯುಂಟು. ತರಬೇತಿಯಲ್ಲಿ ಇದನ್ನು ನಮಗೆ ಹೇಳಿದ್ದರು. ನಾನು ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ.

ಈ ಕಾನೂನು ಕಾಗದದ ಮೇಲಷ್ಟೇ ಇರಲಿಲ್ಲವೆಂಬುದಕ್ಕೆ ಕಣ್ಣಾರೆ ಕಂಡ ಒಂದು ಪ್ರಸಂಗವಿದೆ. ನಮೂನೆಗಳನ್ನು ಒಪ್ಪಿಸಲು ಹೋದ ದಿನ ಪುರಸಭೆಯ ಕಂದಾಯ ವಿಭಾಗದ ಗುಮಾಸ್ತರೊಬ್ಬರು ಮುಖ್ಯಾಧಿಕಾರಿಗಳ ಬಳಿ ನಿಂತು ಒಂದು ಬೇಡಿಕೆಯಿಡುತ್ತಿದ್ದರು. ಯಾರ ಮನೆ ಸ್ವಂತದ್ದು, ಯಾರದ್ದು ಬಾಡಿಗೆಯದ್ದು ಎಂಬುದೆಲ್ಲ ಗಣತಿಯ ಕಾಗದಗಳಲ್ಲಿದೆಯಲ್ಲ, ಎರಡು ದಿನ ಕೊಟ್ಟರೆ ನಕಲು ಮಾಡಿಕೊಳ್ಳುತ್ತೇನೆ, ಬಾಡಿಗೆಯನ್ನು ಮುಚ್ಚಿಟ್ಟು ಮನೆಗಂದಾಯ ತಪ್ಪಿಸುತ್ತಿರುವವರೆಲ್ಲ ಸಿಕ್ಕಿಬೀಳುತ್ತಾರೆ ಎಂಬುದು ಅವರ ವಾದ. ಕೇಳಿದರೆ ಅನ್ಯಾಯವೇನೂ ಅಲ್ಲವೆನ್ನಿಸುವ ವಾದವೇ. ಊರಿನ ಚರಂಡಿಗೆ, ಬೀದಿದೀಪಕ್ಕೆ ಆ ಹಣ ಬೇಕಾಗಿತ್ತು. ಮುಖ್ಯಾಧಿಕಾರಿಗಳು ಕಡಿಮೆ ಮಾತಿನ ಮನುಷ್ಯರು. ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಜೇಬಿಗೆ ಇಳಿಸಿ, "ಬೀರು ಪುರಸಭೆಯದು, ಒಳಗಿರುವ ಕಾಗದ ಪುರಸಭೆಯದಲ್ಲ" ಎಂದರು. ಅಷ್ಟೇ. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ತಿಳಿಯಲು ಸಾವಿರಾರು ಮೈಲಿ ದೂರದ ಇನ್ನೊಂದು ನಗರಸಭೆಯ ಬಾಗಿಲಿಗೆ ಹೋಗಬೇಕಾಯಿತು.

2016ರಲ್ಲಿ ಮಗ ನೆದರ್ಲೆಂಡ್ಸ್ ದೇಶದಲ್ಲಿ ಕೆಲಸದಲ್ಲಿದ್ದಾಗ ನಾವಿಬ್ಬರೂ ಎರಡು ತಿಂಗಳು ಅಲ್ಲಿದ್ದೆವು. ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋದವರು ಸಾಮಾನ್ಯವಾಗಿ ಆನ್ ಫ್ರಾಂಕ್ ಅಡಗಿದ್ದ ಮನೆಯನ್ನು ನೋಡುತ್ತಾರೆ, ನಾವೂ ನೋಡಿದೆವು. ಬಳಿಕ ಪ್ಲಾಂಟಾಜ್ ಕೆರ್ಕ್‌ಲಾನ್ ಎಂಬ ಬೀದಿಯಲ್ಲಿ, ಮೃಗಾಲಯದ ಮಗ್ಗುಲಲ್ಲಿರುವ ಒಂದು ಕಟ್ಟಡದ ಎದುರು ಮಗ ನಮ್ಮನ್ನು ನಿಲ್ಲಿಸಿದ. ಗೋಡೆಯ ಮೇಲೆ ಹೆಸರುಗಳಿದ್ದ ಫಲಕ. ಯುದ್ಧಕಾಲದಲ್ಲಿ ಅದು ನಗರಸಭೆಯ ಜನಸಂಖ್ಯಾ ನೋಂದಣಿ ಕಚೇರಿಯಾಗಿತ್ತು. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೆದರ್ಲೆಂಡ್ಸ್‌ನಲ್ಲಿ 1850ರಿಂದಲೂ ಪ್ರತಿ ಊರಿನ ಸ್ಥಳೀಯ ಆಡಳಿತವು ತನ್ನ ನಿವಾಸಿಗಳ ನಿರಂತರ ದಫ್ತರವನ್ನು ಇಡಬೇಕಾಗಿತ್ತು. ಹುಟ್ಟು, ಸಾವು, ಮದುವೆ, ಬಂದವರು, ಹೋದವರು, ವಿಳಾಸ, ಕಸುಬು, ಜೊತೆಗೆ ಯಾವ ಧರ್ಮದ ಯಾವ ಪಂಗಡ ಎಂಬುದೂ. ನಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವುದು ಅಲ್ಲಿ ಪ್ರತಿದಿನವೂ ನಡೆಯುತ್ತಿತ್ತು. ಧರ್ಮದ ಅಂಕಣದಲ್ಲಿ ಯಾರಿಗೂ ದುರುದ್ದೇಶ ಕಾಣಲಿಲ್ಲ. ಒಂದು ಬಡಾವಣೆಯಲ್ಲಿ ಯಾವ ಪಂಗಡದವರು ಎಷ್ಟಿದ್ದಾರೆಂದು ತಿಳಿದರೆ ಶಾಲೆಗೆ, ಪ್ರಾರ್ಥನಾ ಮಂದಿರಕ್ಕೆ, ಸ್ಮಶಾನಕ್ಕೆ ಜಾಗ ಗೊತ್ತುಮಾಡಲು ಅನುಕೂಲ. ಜನರು ಸಂಕೋಚವಿಲ್ಲದೆ ಬರೆಸಿದರು. 1930ರ ದಶಕದಲ್ಲಿ ದಪ್ಪ ಪುಸ್ತಕಗಳ ಬದಲಿಗೆ ತಲೆಗೊಂದರಂತೆ ಕಾರ್ಡುಗಳು ಬಂದವು. ಯಾರ ಕಾರ್ಡನ್ನಾದರೂ ಕ್ಷಣದಲ್ಲಿ ಹುಡುಕಿ ತೆಗೆಯಬಹುದಾಗಿತ್ತು.

ಈ ವ್ಯವಸ್ಥೆಯ ಮೇಲ್ವಿಚಾರಕರು ಯಾಕೋಬ್ ಲೆಂಟ್ಸ್ ಎಂಬ ಅಧಿಕಾರಿ. ತಮ್ಮ ಕೆಲಸದಲ್ಲಿ ಅಪಾರ ಶ್ರದ್ಧೆಯಿದ್ದವರು. ಪ್ರತಿಯೊಬ್ಬ ಪ್ರಜೆಗೂ ಗುರುತಿನ ಚೀಟಿ ಕೊಡಬೇಕೆಂಬುದು ಅವರ ಕನಸು. 1940ರ ಆರಂಭದಲ್ಲಿ ಡಚ್ ಸರ್ಕಾರ ಅದನ್ನು ತಿರಸ್ಕರಿಸಿತು. ಎಲ್ಲರನ್ನೂ ಅಪರಾಧಿಗಳಂತೆ ಕಾಣುವ ಅಂಥ ಚೀಟಿ ತಮ್ಮ ನಾಡಿನ ಸಂಪ್ರದಾಯಕ್ಕೆ ಒಗ್ಗುವುದಿಲ್ಲವೆಂಬುದು ಸರ್ಕಾರದ ಅಭಿಪ್ರಾಯ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ದೇಶವನ್ನು ಆಕ್ರಮಿಸಿತು. ಹೊಸ ಒಡೆಯರಿಗೆ ಲೆಂಟ್ಸರ ಯೋಜನೆ ಬಹಳ ಹಿಡಿಸಿತು. 1941ರಲ್ಲಿ ಗುರುತಿನ ಚೀಟಿ ಜಾರಿಗೆ ಬಂದಿತು. ನಕಲು ಮಾಡುವುದು ಅತ್ಯಂತ ಕಷ್ಟವೆನ್ನಿಸಿದ ಚೀಟಿ ಅದು.

1941ರ ಜನವರಿಯಲ್ಲಿ ಯಹೂದಿಯರೆಲ್ಲರೂ ತಮ್ಮ ಸ್ಥಳೀಯ ಆಡಳಿತದ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆಯಾಯಿತು. ಬಹುತೇಕ ಎಲ್ಲರೂ ನೋಂದಾಯಿಸಿಕೊಂಡರು. ಹೇಗೂ ಹಳೆಯ ದಫ್ತರದಲ್ಲಿ ಎಲ್ಲವೂ ಇದ್ದೇ ಇತ್ತು, ಮುಚ್ಚಿಡುವುದೇನು? ಅದೇ ವರ್ಷದ ಮೇ ತಿಂಗಳಿನಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಸಭೆಯ ಅಂಕಿಅಂಶ ವಿಭಾಗವು ನಗರದ ಒಂದು ನಕ್ಷೆಯನ್ನು ತಯಾರಿಸಿತು. ಅದರ ತುಂಬ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಹತ್ತು ಯಹೂದಿಯರು. ಯಾವ ಬೀದಿಗೆ ಎಷ್ಟು ಲಾರಿ ಕಳುಹಿಸಬೇಕೆಂದು ತಿಳಿಯಲು ಅಂಥ ನಕ್ಷೆಗಿಂತ ಹೆಚ್ಚಿನದೇನು ಬೇಕು? ಚುಕ್ಕೆಗಳನ್ನಿಟ್ಟವರು ಕೊಲೆಗಡುಕರಲ್ಲ. ಹತ್ತು ಗಂಟೆಗೆ ಕಚೇರಿಗೆ ಬಂದು ಸಂಜೆ ಮನೆಗೆ ಹೋಗುವ ನಿಮ್ಮಂಥ, ನನ್ನಂಥ ನೌಕರರು. ದೇಶದ ಸುಮಾರು 1,40,000 ಯಹೂದಿಯರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರು ಯುದ್ಧ ಮುಗಿಯುವುದರೊಳಗೆ ಕೊಲೆಯಾದರು. ನೂರಕ್ಕೆ ಸುಮಾರು 75ರಷ್ಟು. ನೆರೆಯ ಬೆಲ್ಜಿಯಂನಲ್ಲಿ ಈ ಪ್ರಮಾಣ ಸುಮಾರು 40, ಫ್ರಾನ್ಸಿನಲ್ಲಿ 25. ಈ ವ್ಯತ್ಯಾಸಕ್ಕೆ ಚರಿತ್ರಕಾರರು ಹಲವು ಕಾರಣಗಳನ್ನು ಕೊಡುತ್ತಾರೆ. ಆದರೆ ಆ ಕಾರಣಗಳ ಪಟ್ಟಿಯಿಂದ ಅಚ್ಚುಕಟ್ಟಾದ ಆ ದಫ್ತರವನ್ನು ಯಾರೂ ಕೈಬಿಡುವುದಿಲ್ಲ.

ದಫ್ತರವೇ ಅಪಾಯವೆಂದು ಅರಿತ ಕೆಲವರು ಅದನ್ನು ಸುಡಲು ನಿಶ್ಚಯಿಸಿದರು. ಅವರ ಮುಂದಾಳುಗಳಲ್ಲಿ ವಿಲ್ಲೆಮ್ ಅರೊಂಡೇಯಸ್ ಎಂಬ ಚಿತ್ರಕಾರ, ಗೆರಿಟ್ ವಾನ್ ಡೆರ್ ವೇನ್ ಎಂಬ ಶಿಲ್ಪಿ ಇದ್ದರು. 1943ರ ಮಾರ್ಚ್ 27ರ ರಾತ್ರಿ, ಅವರೇ ಹೊಲಿಸಿಕೊಂಡ ಪೊಲೀಸ್ ಸಮವಸ್ತ್ರದಲ್ಲಿ ಆ ಕಚೇರಿಯನ್ನು ಹೊಕ್ಕರು. ಕಾವಲುಗಾರರನ್ನು ಕೊಲ್ಲಬಾರದೆಂಬುದು ಅವರ ನಿಯಮ. ಆದ್ದರಿಂದ ಜೊತೆಗಿದ್ದ ವೈದ್ಯ ವಿದ್ಯಾರ್ಥಿಗಳು ಅವರಿಗೆ ನಿದ್ರೆಯ ಚುಚ್ಚುಮದ್ದು ಕೊಟ್ಟರು. ಬಳಿಕ ಅವರನ್ನು ಪಕ್ಕದ ಮೃಗಾಲಯದ ತೋಟದಲ್ಲಿ ಮಲಗಿಸಲಾಯಿತು. ಕಾರ್ಡುಗಳನ್ನು ನೆಲಕ್ಕೆ ಸುರಿದು ಬೆಂಕಿ ಹಚ್ಚಿದರು. ಬೆಂಕಿ ನಂದಿಸಲು ಬಂದ ಅಗ್ನಿಶಾಮಕ ದಳದವರು ಒಳಗೊಳಗೇ ಇವರ ಪಕ್ಷ. ಅಗತ್ಯಕ್ಕಿಂತ ಹೆಚ್ಚು ನೀರು ಹಾಯಿಸಿ ಉಳಿದ ಕಾಗದಗಳನ್ನೂ ಹಾಳುಮಾಡಿದರು. ಅಡಗಿ ಕುಳಿತಿದ್ದ ಆನ್ ಫ್ರಾಂಕಳ ದಿನಚರಿಯಲ್ಲೂ ಈ ಘಟನೆಯ ಸುದ್ದಿಯಿದೆ.

ಇಷ್ಟಾಗಿಯೂ ನಾಶವಾದದ್ದು ಸುಮಾರು 8,00,000 ಕಾರ್ಡುಗಳಲ್ಲಿ ನೂರಕ್ಕೆ 15ರಷ್ಟು ಮಾತ್ರ. ಒತ್ತೊತ್ತಾಗಿ ಜೋಡಿಸಿದ ಕಾಗದ ಸುಲಭವಾಗಿ ಉರಿಯುವುದಿಲ್ಲ! ಕೆಲವೇ ದಿನಗಳಲ್ಲಿ ಯಾರೋ ಸುಳಿವು ಕೊಟ್ಟು ಗುಂಪಿನ ಹೆಚ್ಚಿನವರು ಸಿಕ್ಕಿಬಿದ್ದರು. 1943ರ ಜುಲೈ 1ರಂದು ಅರೊಂಡೇಯಸ್ ಸೇರಿದಂತೆ 12 ಮಂದಿಯನ್ನು ಸಮುದ್ರತೀರದ ಮರಳುದಿಬ್ಬಗಳ ನಡುವೆ ಗುಂಡಿಟ್ಟು ಕೊಂದರು. ಲೆಂಟ್ಸರಿಗೆ ಯುದ್ಧಾನಂತರ ಮೂರು ವರ್ಷಗಳ ಸೆರೆಮನೆಯಾಯಿತು.

ಆ ಫಲಕದ ಎದುರು ನಿಂತಾಗ ನನಗೆ ನೆನಪಾದದ್ದು ನಮ್ಮ ಪುರಸಭೆಯ ಬೀರು. ಮಾಹಿತಿಯನ್ನು ಕೊಡುವವನು ಅದನ್ನು ತನ್ನ ಎದುರು ನಿಂತ ಅಧಿಕಾರಿಗೆ ಮಾತ್ರ ಕೊಡುತ್ತೇನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅವನು ಅದನ್ನು ಆ ಕುರ್ಚಿಯಲ್ಲಿ ಮುಂದೆ ಯಾರು ಯಾರು ಕೂರುತ್ತಾರೋ ಅವರೆಲ್ಲರಿಗೂ ಕೊಟ್ಟಿರುತ್ತಾನೆ. ಶಾಲೆಗೆ ಜಾಗ ಗೊತ್ತುಮಾಡಲು ಕೇಳಿದ ಪ್ರಶ್ನೆಯ ಉತ್ತರ, ಕೇಳಿದವರು ನಿವೃತ್ತರಾಗಿ ತೀರಿಕೊಂಡ ಮೇಲೂ ಕಪಾಟಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಡಚ್ಚರು ಇದನ್ನು ಮರೆಯಲಿಲ್ಲ. 1971ರಲ್ಲಿ ಅಲ್ಲಿ ಮನೆಮನೆಗೆ ಹೋಗಿ ಮಾಡುವ ಜನಗಣತಿಗೆ ಭಾರೀ ಪ್ರತಿಭಟನೆಯಾಯಿತು. ಅದೇ ಕೊನೆಯದು, ಅಂಥ ಗಣತಿ ಆ ದೇಶದಲ್ಲಿ ಮತ್ತೆ ನಡೆದಿಲ್ಲ.

ಇನ್ನು ಆ ಆಕ್ರಮಣಕಾರರ ನಾಡಾದ ಜರ್ಮನಿಯೇ ಈ ವಿಷಯದಲ್ಲಿ ಕಲಿತ ಪಾಠವನ್ನು ಹೇಳಬೇಕು. 1983ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಜನಗಣತಿ ನಡೆಯಬೇಕಾಗಿತ್ತು. ಅದರ ಕಾನೂನಿನಲ್ಲಿ ಒಂದು ಚಿಕ್ಕ ಅನುಕೂಲವನ್ನು ಸೇರಿಸಿದ್ದರು: ಗಣತಿಯಲ್ಲಿ ಸಿಕ್ಕ ವಿವರಗಳನ್ನು ಸ್ಥಳೀಯ ಆಡಳಿತಗಳು ತಮ್ಮ ನಿವಾಸಿಗಳ ದಫ್ತರಕ್ಕೆ ಹೋಲಿಸಿ, ದಫ್ತರವನ್ನು ತಿದ್ದಿಕೊಳ್ಳಬಹುದು. ನಮ್ಮ ಕಂದಾಯ ಗುಮಾಸ್ತರ ಬೇಡಿಕೆಗಿಂತ ಇದು ತತ್ತ್ವದಲ್ಲಿ ಬೇರೆಯೇನಲ್ಲ. ಜನರು ಸಾಂವಿಧಾನಿಕ ನ್ಯಾಯಾಲಯದ ಮೊರೆಹೊಕ್ಕರು. ಗಣತಿಗೆ ತಡೆಯಾಜ್ಞೆಯಾಯಿತು. 1983ರ ಡಿಸೆಂಬರ್ 15ರ ತೀರ್ಪಿನಲ್ಲಿ ನ್ಯಾಯಾಲಯವು ಗಣತಿಯನ್ನು ತಪ್ಪೆನ್ನಲಿಲ್ಲ. ಎಣಿಸುವುದು ಬೇರೆ, ಆಳುವುದು ಬೇರೆ. ಎಣಿಕೆಗೆಂದು ಪಡೆದುದನ್ನು ಆಡಳಿತಕ್ಕೆ ಬಳಸಬಾರದು ಎಂಬ ನಿಲುವಿನಿಂದ ಆ ಹೋಲಿಕೆಯ ಅವಕಾಶವನ್ನು ರದ್ದುಪಡಿಸಿತು. ತನ್ನ ಮಾಹಿತಿಯನ್ನು ಯಾರು, ಯಾವುದಕ್ಕೆ ಬಳಸಬಹುದೆಂದು ನಿರ್ಧರಿಸುವ ಹಕ್ಕು ಮೂಲತಃ ವ್ಯಕ್ತಿಯದೇ ಎಂದು ಸಾರಿತು. ಕಾನೂನನ್ನು ತಿದ್ದಿದ ಮೇಲೆ 1987ರಲ್ಲಿ ಗಣತಿ ನಡೆಯಿತು. "ಬೀರು ಪುರಸಭೆಯದು, ಕಾಗದ ಪುರಸಭೆಯದಲ್ಲ" ಎಂದು ನಮ್ಮೂರಿನ ಮುಖ್ಯಾಧಿಕಾರಿಗಳು ಎರಡು ವರ್ಷ ಮೊದಲೇ ಹೇಳಿದ್ದರಲ್ಲ ಎಂದು ನನಗೆ ಈಗಲೂ ಹೆಮ್ಮೆಯಾಗುತ್ತದೆ.

ನಮ್ಮ ದೇಶದಲ್ಲಿ ಈ ಹಕ್ಕಿನ ಚರಿತ್ರೆಗೆ ಕನ್ನಡ ನಾಡಿನ ನಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಿಂದ ಎದ್ದ ಮೂಲಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಉತ್ತರಿಸಿತು: ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು. ಆ ತೀರ್ಪಿನ ಫಲವಾಗಿ ಬಂದ ಮಾಹಿತಿ ರಕ್ಷಣೆಯ ಅಧಿನಿಯಮ 2023ರದ್ದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಸರ್ಕಾರಕ್ಕೂ, ಅಂಕಿಅಂಶದ ಕೆಲಸಕ್ಕೂ ಅದರಲ್ಲಿ ಹಲವು ವಿನಾಯಿತಿಗಳಿವೆ ಎಂಬುದನ್ನು ಮರೆಯಬಾರದು. ಬೀರುವಿಗೆ ಬೀಗ ಕೊಟ್ಟಿದ್ದಾರೆ, ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದನ್ನು ನಾವು ಕೇಳುತ್ತಲೇ ಇರಬೇಕು.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2022ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮತದಾರರಲ್ಲಿ ಜಾಗೃತಿ ಮೂಡಿಸಲೆಂದು ಒಂದು ಖಾಸಗಿ ಸಂಸ್ಥೆಗೆ ಅನುಮತಿ ಕೊಟ್ಟಿತ್ತು. ಆ ಸಂಸ್ಥೆಯ ಜನರು ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಗೆ ಹೋಗಿ ಮತದಾರರ ಖಾಸಗಿ ವಿವರಗಳನ್ನು ಕಲೆಹಾಕಿದರೆಂಬ ಆರೋಪ ಆ ವರ್ಷದ ನವೆಂಬರ್‌ನಲ್ಲಿ ಹೊರಬಿದ್ದಿತು. ಅನುಮತಿ ರದ್ದಾಯಿತು, ಪೊಲೀಸ್ ಮೊಕದ್ದಮೆಯಾಯಿತು, ಚುನಾವಣಾ ಆಯೋಗದ ಸೂಚನೆಯಂತೆ ಹಿರಿಯ ಅಧಿಕಾರಿಗಳ ಅಮಾನತೂ ಆಯಿತು. ಇಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ ಅಂಶ. ಬಾಗಿಲು ತೆರೆದ ಗೃಹಿಣಿಯು ತೆರೆದದ್ದು ಕೊರಳಿನ ಗುರುತಿನ ಚೀಟಿಯನ್ನು ನೋಡಿ. ನಾಳೆ ನಿಜವಾದ ಗಣತಿದಾರ ಬಂದಾಗ ಅವಳು ಬಾಗಿಲು ತೆರೆಯುತ್ತಾಳೆಯೇ? ಒಬ್ಬರು ಮುರಿದ ಮಾತಿನ ಸಾಲವನ್ನು ಇನ್ನೊಬ್ಬರು ತೀರಿಸಬೇಕಾಗುತ್ತದೆ.

ಮಾತು ಮುರಿದವರ ವಿಷಯ ಬಂದಿತಾದ್ದರಿಂದ ಈಗ ನನ್ನ ವಿಷಯಕ್ಕೆ ಬರುತ್ತೇನೆ.

1981ರ ಫೆಬ್ರವರಿಯಲ್ಲಿ ನನಗೆ ಹಂಚಿಕೆಯಾದ ಬೀದಿಯ ಒಂದು ವಠಾರದಲ್ಲಿ ಒಬ್ಬ ತಾಯಿ, ಮಗಳೊಂದಿಗೆ ಇದ್ದರು. ಹೊಲಿಗೆ ಅವರ ಜೀವನೋಪಾಯ. ಮಗಳು ಆರನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಗಂಡ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾನೆಂದು ಬೀದಿಗೆಲ್ಲ ಗೊತ್ತು. ನಾನು ಚೀಟಿಯಲ್ಲಿ ಒಂದೊಂದೇ ವಿವರ ತುಂಬುತ್ತ ವೈವಾಹಿಕ ಸ್ಥಿತಿಯ ಪ್ರಶ್ನೆಗೆ ಬಂದು, ಉತ್ತರ ಗೊತ್ತಿರುವುದೇ ಎಂದು ಬರೆಯಹೊರಟಿದ್ದೆ. ಆಗ ಅವರು ತಡೆದು ಕೇಳಿದರು: "ಇದನ್ನು ಯಾರು ಓದ್ತಾರೆ ಮೇಷ್ಟ್ರೇ?"

"ಯಾರೂ ಓದೋದಿಲ್ಲ ತಾಯಿ. ಲೆಕ್ಕಕ್ಕೆ ಮಾತ್ರ. ಕಾನೂನೇ ಇದೆ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಡ ನಾಲ್ಕು ವರ್ಷದ ಹಿಂದೆಯೇ ಬಿಟ್ಟುಹೋದದ್ದನ್ನೂ, ಅಲ್ಲಿ ಬೇರೆ ಸಂಸಾರ ಹೂಡಿರುವುದನ್ನೂ ಹೇಳಿದರು. "ಸರ್ಕಾರಕ್ಕಾದರೂ ನಿಜ ಗೊತ್ತಿರಲಿ" ಎಂಬುದು ಅವರ ಮಾತು. ಅಷ್ಟು ವರ್ಷಗಳಲ್ಲಿ ಅವರು ಆ ನಿಜವನ್ನು ಊರಿನಲ್ಲಿ ಯಾರೊಡನೆಯೂ ಆಡಿರಲಿಲ್ಲ. ನನ್ನ ಮುಖ ನೋಡಿ ಹೇಳಿದ್ದಲ್ಲ, ನಾನು ಕೊಟ್ಟ ಮಾತನ್ನು ನಂಬಿ ಹೇಳಿದ್ದು.

ಚೀಟಿಯಲ್ಲಿ ವಿಚ್ಛೇದಿತರು ಅಥವಾ ಬೇರ್ಪಟ್ಟವರು ಎಂಬ ವಿಭಾಗವಿತ್ತು. ಬಿಟ್ಟುಹೋದ ಗಂಡನ ಹೆಂಡತಿಯನ್ನು ಮದುವೆಯಾದವರೆಂದು ಬರೆಯಬೇಕೋ ಬೇರ್ಪಟ್ಟವರೆಂದು ಬರೆಯಬೇಕೋ ಎಂದು ನನಗೆ ಸಂದೇಹವಾಯಿತು. ಮರುದಿನ ಶಿಕ್ಷಕರ ಕೊಠಡಿಯಲ್ಲಿ, ನನ್ನಂತೆಯೇ ಗಣತಿಗೆ ನೇಮಕವಾಗಿದ್ದ ಸಹೋದ್ಯೋಗಿಯನ್ನು ಕೇಳಿದೆ. ಹೆಸರು ಹೇಳಲಿಲ್ಲ. "ಹೊಲಿಗೆ ಮಾಡುವ ಒಬ್ಬರ ಮನೆಯಲ್ಲಿ ಹೀಗಿದೆ" ಎಂದೆ. ಅಷ್ಟು ಸಾಲದೆ? ಆ ಬೀದಿಯಲ್ಲಿ ಹೊಲಿಗೆ ಮಾಡುವವರು ಎಷ್ಟು ಜನ? ಕೊಠಡಿಯಲ್ಲಿ ಇನ್ನೂ ನಾಲ್ವರಿದ್ದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ನಾನೂ ಕೇಡು ಬಯಸಿದವನಲ್ಲ. ಸರಿಯಾಗಿ ತುಂಬಬೇಕೆಂಬ ಶ್ರದ್ಧೆಯಿಂದಲೇ ಕೇಳಿದೆ.

ಹದಿನೈದು ದಿನಗಳಲ್ಲಿ ಆ ಮಾತು ವಠಾರವನ್ನು ತಲುಪಿತು. ಗಂಡ ಜೊತೆಗಿಲ್ಲದ ಹೆಂಗಸನ್ನು ಆ ಕಾಲದಲ್ಲಿ ಊರು ಹೇಗೆ ನೋಡುತ್ತಿತ್ತೆಂಬುದನ್ನು ನಿಮ್ಮಲ್ಲಿ ಹಿರಿಯರಿಗೆ ವಿವರಿಸಬೇಕಾಗಿಲ್ಲ. ವಠಾರದ ಯಜಮಾನರು ಮನೆ ಖಾಲಿ ಮಾಡಬೇಕೆಂದರಂತೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದೊಡನೆ ಆ ತಾಯಿ ಮಗಳ ವರ್ಗಾವಣೆ ಪತ್ರಕ್ಕೆಂದು ಶಾಲೆಗೆ ಬಂದರು. ತರಗತಿಯ ಶಿಕ್ಷಕನಾಗಿ ಅದನ್ನು ಬರೆಯಬೇಕಾದವನು ನಾನೇ. ಶಾಲೆ ಬಿಡಲು ಕಾರಣ ಎಂಬ ಅಂಕಣದಲ್ಲಿ "ಪೋಷಕರ ಕೋರಿಕೆಯ ಮೇರೆಗೆ" ಎಂದು ಬರೆದೆ. ನಾನು ಏನೋ ಹೇಳಲು ಬಾಯಿ ತೆರೆದಾಗ ಅವರು ಪತ್ರವನ್ನು ಮಡಿಸಿಕೊಳ್ಳುತ್ತ ಶಾಂತವಾಗಿಯೇ ಹೇಳಿದರು: "ನೀವು ಬರೆದದ್ದನ್ನು ಯಾರೂ ಓದಲಿಲ್ಲ ಮೇಷ್ಟ್ರೇ."

ನಿಜ. ಬರೆದದ್ದು ಪುರಸಭೆಯ ಬೀರುವಿನಲ್ಲಿ ಭದ್ರವಾಗಿತ್ತು. ಗುಮಾಸ್ತರಿಗೂ ಅದು ಸಿಗಲಿಲ್ಲ. ಕಾನೂನು ತನ್ನ ಮಾತನ್ನು ಉಳಿಸಿಕೊಂಡಿತು, ಕಚೇರಿ ಉಳಿಸಿಕೊಂಡಿತು. ಉಳಿಸಿಕೊಳ್ಳದವನು ಬಾಗಿಲಲ್ಲಿ ನಿಂತು ಮಾತು ಕೊಟ್ಟವನು. ಅವರು ಯಾವ ಊರಿಗೆ ಹೋದರೆಂಬುದು ನನಗೆ ತಿಳಿಯಲಿಲ್ಲ. ವಿಚಾರಿಸುವ ಧೈರ್ಯವೂ ಆಗಲಿಲ್ಲ. ಮುಂದೆ 1991ರಲ್ಲಿ, 2001ರಲ್ಲಿ ಮತ್ತೆ ಗಣತಿಗೆ ಹೋದೆ. ಸಂದೇಹ ಬಂದರೆ ಕೈಪಿಡಿಯನ್ನು ನೋಡಿದೆನೇ ಹೊರತು ಇನ್ನೊಬ್ಬರನ್ನು ಕೇಳಲಿಲ್ಲ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಆರೋಗ್ಯ ಕಾರ್ಯಕರ್ತೆಯರು. ಕೆಲವರು ಬೆಂಗಳೂರಿನಲ್ಲಿ ಕುಳಿತು ಇಂಥ ಸಮೀಕ್ಷೆಗಳ ತಂತ್ರಾಂಶ ಬರೆಯುವವರು. 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಎಣಿಕೆಗೆ ನಿಗದಿಯಾದ ದಿನ 2027ರ ಮಾರ್ಚ್ 1. ಈ ಸಲ ಜಾತಿಯ ವಿವರವೂ ಸೇರುತ್ತದೆ, ಕಾಗದದ ಬದಲು ಮೊಬೈಲು ಇರುತ್ತದೆ. ನಮ್ಮ ಕಾಲದ ಬೀರುವನ್ನು ಒಯ್ಯಲು ಎತ್ತಿನ ಗಾಡಿ ಬೇಕಿತ್ತು. ಇಂದಿನ ಬೀರು ಬೆರಳ ತುದಿಯಲ್ಲಿ ದೇಶ ದಾಟುತ್ತದೆ. ಎಣಿಕೆ ಬೇಡವೆಂದು ನಾನು ಹೇಳಲಾರೆ. ಎಣಿಕೆಯಿಲ್ಲದೆ ಬಡವನ ಪಾಲು ಎಷ್ಟೆಂದು ಗೊತ್ತಾಗುವುದಿಲ್ಲ, ಶಾಲೆ ಎಲ್ಲಿ ಬೇಕೆಂದೂ ಗೊತ್ತಾಗುವುದಿಲ್ಲ. ಆದರೆ ಬೇಕಾದುದನ್ನಷ್ಟೇ ಕೇಳಿ. ಕೇಳಿದುದನ್ನು ಕೇಳಿದ ಕೆಲಸಕ್ಕಷ್ಟೇ ಬಳಸಿ. ಬೀಗದ ಕೈಯನ್ನು ಕೇಳುವವರು ಒಳ್ಳೆಯ ಕಾರಣವನ್ನು ಹೇಳಿದಾಗಲೂ ಆ ಮುಖ್ಯಾಧಿಕಾರಿಗಳನ್ನು ನೆನೆಯಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರು ಹೇಳದೆ ಹೇಳಿದರೂ ಹೇಳ��ದಂತೆಯೇ ಎಂಬುದನ್ನು ನಿಮ್ಮ ಮೇಷ್ಟ್ರ ತಪ್ಪಿನಿಂದ ಕಲಿಯಿರಿ.

ಅಂದು ನಮ್ಮ ಮನೆಗೆ ಬಂದ ಹುಡುಗಿ ಹೊರಡುವಾಗ ನಮಸ್ಕರಿಸಿದಳು. ಗೇಟಿನವರೆಗೂ ಹೋಗಿ, "ಯಾರೂ ನೋಡೋದಿಲ್ಲ ಅಂತ ಹೇಳಿದೆಯಲ್ಲ ಮಗಳೇ, ಆ ಮಾತನ್ನು ನೀನೇ ಕಾಯಬೇಕು" ಎಂದೆ. ಅವಳು ಸ್ವಲ್ಪ ಆಶ್ಚರ್ಯದಿಂದ ನೋಡಿ, "ಆಯ್ತು ಸಾರ್" ಎಂದು ಪಕ್ಕದ ಮನೆಯ ಬಾಗಿಲು ತಟ್ಟಿದಳು.